ಅಮೆರಿಕದ ‘ಸೇಬೊ’ ನಮ್ಮ ಕೇಪಿನ ಕೋವಿಗೆ ಆಗಿಬರುತ್ತದೆಯೇ?

ಸೇಬು ಅಲ್ಲ ಸ್ವಾಮಿ, ಸೇಬೊ! ತಿನ್ನೋ ಪದಾರ್ಥ ಅಲ್ಲ. ಹೆಬ್ಬೆರಳ ತುದಿಯಷ್ಟು ದೊಡ್ಡದಾದ ಒಂದು ಪ್ಲಾಸ್ಟಿಕ್ ಬಟ್ಟಲು. ಅದರ ಗೋಡೆಯನ್ನು ಎಸಳು ಎಸಳಾಗಿ ಸೀಳಿರುತ್ತಾರೆ. ನಡುವೆ ಒಂದು ಗುಂಡು ಕೂತಿರುತ್ತದೆ. ಅಮೆರಿಕದಲ್ಲಿ ಬಾಯಿಂದ ಮದ್ದು ತುಂಬುವ ಬೇಟೆ ಕೋವಿಗೆ ಇದನ್ನು ಹಾಕಿ ಹೊಡೀತಾರೆ.

ನಮ್ಮ ಜಿಲ್ಲೆಯಲ್ಲಿ ಮಗನೋ ಅಳಿಯನೋ ಅಮೆರಿಕದಲ್ಲಿರುವ ಮನೆಗಳು ಈಗ ಬೇಕಾದಷ್ಟಿವೆ. ಅಲ್ಲಿಂದ ಮೊಬೈಲಿಗೆ ವೀಡಿಯೋ ಬರುತ್ತದೆ. ಬಿಳಿ ದೊರೆಯೊಬ್ಬ ಕೋವಿ ಬಾಯಿಗೆ ಮದ್ದು ಸುರಿದು, ಸೇಬೊ ತುರುಕಿ, ಇನ್ನೂರು ಗಜ ದೂರದ ಗುರಿಗೆ ಬಟ್ಟು ಇಟ್ಟ ಹಾಗೆ ಹೊಡೆಯುತ್ತಾನೆ. ಅದನ್ನು ನೋಡಿದ ನಮ್ಮ ಕೋವಿದಾರರ ಬಾಯಲ್ಲಿ, ಬಸ್ಸಿನಲ್ಲೂ ಅಂಗಡಿ ಜಗಲಿಯಲ್ಲೂ, ಒಂದೇ ಪ್ರಶ್ನೆ: “ಅದೂ ಬಾಯಿಂದ ತುಂಬೋ ಕೋವಿ, ನಮ್ದೂ ಬಾಯಿಂದ ತುಂಬೋ ಕೋವಿ. ಮತ್ತೆ ನಮ್ದಕ್ಕೆ ಯಾಕೆ ಹಾಕಬಾರದು?”

ಹಾಕಬಾರದು. ಉತ್ತರ ಮೊದಲೇ ಹೇಳಿಬಿಟ್ಟೆ, ಮುಂದಿನ ಸ್ಟಾಪಿನಲ್ಲಿ ಇಳಿಯುವವರು ಇಷ್ಟು ತಿಳಕೊಂಡು ಇಳಿಯಬಹುದು. ಯಾಕೆ ಅಂತ ಬೇಕಾದವರು ಕೂತು ಓದಿ. ಇದರಲ್ಲಿ ಕೈಬೆರಳು, ಕಣ್ಣು, ಲೈಸೆನ್ಸು ಮೂರೂ ಹೋಗುವ ಮಾತಿದೆ.

ಮರದ ಬೂಟು

ಸೇಬೊ ಅನ್ನೋದು ಫ್ರೆಂಚ್ ಮಾತು. ಮರ ಕೆತ್ತಿ ಮಾಡಿದ ಬೂಟಿಗೆ ಅಲ್ಲಿನ ರೈತರು ಹಾಗೆ ಅಂತಿದ್ದರು. ಫಿರಂಗಿ ಕಾಲದಲ್ಲಿ ಗುಂಡಿನ ಕೆಳಗೆ ಒಂದು ಮರದ ಬಿಲ್ಲೆ ಕಟ್ಟಿ ತುಂಬುತ್ತಿದ್ದರು. ಗುಂಡಿಗೆ ಬೂಟು ತೊಡಿಸಿದ ಹಾಗೆ ಕಂಡದ್ದರಿಂದ ಅದೇ ಹೆಸರು ಬಂತು. ಕಾಲು ಸಣ್ಣದು, ಬೂಟು ದೊಡ್ಡದು, ನಡುವೆ ಬಟ್ಟೆ ತುರುಕಿ ಹಾಕ್ಕೊಂಡ ಹಾಗೆ, ನಳಿಗೆ ದೊಡ್ಡದು, ಗುಂಡು ಸಣ್ಣದು, ನಡುವಿನ ಸಂದು ತುಂಬೋದಕ್ಕೆ ಸೇಬೊ.

ಇದೇ ತತ್ವ ದೊಡ್ಡ ಯುದ್ಧದಲ್ಲೂ ಬಂತು. 1944ರಲ್ಲಿ ಬ್ರಿಟಿಷರು ಜರ್ಮನ್ ಟ್ಯಾಂಕುಗಳ ಉಕ್ಕು ತೂರೋದಕ್ಕೆ ತಮ್ಮ ಆರು ಪೌಂಡರ್ ಫಿರಂಗಿಗೆ ಸೇಬೊ ಕಟ್ಟಿದ ಶೆಲ್ ಕೊಟ್ಟರು. ನಮ್ಮ ಸೈನ್ಯದ ಅರ್ಜುನ್ ಟ್ಯಾಂಕಿನಲ್ಲೂ ಅಂಥದ್ದೇ ಒಂದು ಶೆಲ್ ಇದೆ. ಅಗಲ ನಳಿಗೆಯಿಂದ ಸಪೂರ ಬಾಣದಂಥ ಕಂಬಿ ಹೊರಟು, ಬೂಟು ಹೊರಗೆ ಬಂದ ಕೂಡಲೇ ಕಳಚಿ ಬೀಳುತ್ತದೆ. ಮದ್ದಿನ ಶಕ್ತಿ ಅಗಲವಾದ ಬುಡಕ್ಕೆ ತಾಗುತ್ತದೆ, ಗಾಳಿಯ ತಡೆ ಸಪೂರ ಮೂತಿಗೆ ಮಾತ್ರ. ಲಾಭ ಎರಡೂ ಕಡೆ. ಅಂಗಡಿಯವರಿಗೆ ಈ ಲೆಕ್ಕ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಾ ಇರೋದು ಗೆರೆಯಲ್ಲಿ

ಈಗ ನಳಿಗೆಯ ಒಳಗೆ ಬಗ್ಗಿ ನೋಡೋಣ. (ಮಾತಿಗೆ ಹೇಳಿದ್ದು. ನಿಜವಾಗಿ ಕೋವಿ ಬಾಯಿಗೆ ಕಣ್ಣಿಡಬೇಡಿ.)

ಅಮೆರಿಕದವರ ಬಾಯಿ ತುಂಬುವ ಬೇಟೆ ಕೋವಿ ಅಂದರೆ ಬಹುಪಾಲು ರೈಫಲ್. ನಳಿಗೆಯ ಒಳಗೋಡೆಯಲ್ಲಿ ಸ್ಕ್ರೂ ಮರೆ ಹಾಗೆ ಸುರುಳಿ ಗೆರೆ ಕೊರೆದಿರುತ್ತಾರೆ. ಗುಂಡು ಆ ಗೆರೆ ಹಿಡಿದು ಬುಗುರಿಯಂತೆ ಗಿರಗಿರ ತಿರುಗುತ್ತಾ ಹೊರಬರುತ್ತದೆ. ತಿರುಗುವ ಬುಗುರಿ ಬೀಳೋದಿಲ್ಲ, ತಿರುಗುವ ಗುಂಡು ಮೂತಿ ತಿರುಗಿಸೋದಿಲ್ಲ. ಅಷ್ಟೇ ವಿಜ್ಞಾನ.

ಆದರೆ ಗೆರೆಯಲ್ಲಿ ಎಲ್ಲಾ ಒಂದೇ ಅಲ್ಲ. ಕೆಲವು ನಳಿಗೆಯಲ್ಲಿ 66 ಇಂಚಿಗೆ, ಅಂದರೆ ಐದೂವರೆ ಅಡಿಗೆ ಒಂದು ಸುತ್ತು. ನಳಿಗೆಯೇ ಅಷ್ಟುದ್ದ ಇರೋದಿಲ್ಲ, ಅಂದಮೇಲೆ ಗುಂಡು ಒಳಗಿರುವಾಗ ಅರ್ಧ ಸುತ್ತೂ ಸುತ್ತೋದು ಕಷ್ಟ. ಇದು ನಿಧಾನ ಸುತ್ತು. ಇನ್ನು ಕೆಲವದರಲ್ಲಿ 48 ಇಂಚಿಗೆ ಒಂದು. ಇದು ನಡುವಿನದು. ಈಗಿನ ಹೊಸ ಮಾದರಿಯಲ್ಲಿ 28 ಇಂಚಿಗೇ ಒಂದು ಸುತ್ತು. ಬಹಳ ಬಿರುಸು.

ಗುಂಡಿನ ಆಯ್ಕೆ ಶುರುವಾಗೋದೇ ಈ ಸಂಖ್ಯೆಯಿಂದ. ಗೋಲಿಯಂಥ ದುಂಡು ಸೀಸದ ಗುಂಡಿಗೆ ನಿಧಾನ ಸುತ್ತು ಸಾಕು. ದುಂಡಗಿರೋದಕ್ಕೆ ಮೂತಿ ಎಲ್ಲಿ, ಬಾಲ ಎಲ್ಲಿ? ಉದ್ದ ಗುಂಡಿಗೆ ಮೂತಿಯೂ ಇದೆ, ಬಾಲವೂ ಇದೆ. ಅದು ಲಾಗ ಹೊಡೆಯದೆ ನೆಟ್ಟಗೆ ಹೋಗಬೇಕಾದರೆ ಬಿರುಸಾಗಿ ತಿರುಗಲೇಬೇಕು. ಗುಂಡು ಉದ್ದ ಆದಷ್ಟೂ ಸುತ್ತು ಬಿರುಸಾಗಬೇಕು. ಸೇಬೊ ಒಳಗೆ ಕೂರುವ ಗುಂಡುಗಳು ಉದ್ದ. ಅದಕ್ಕೇ ಸೇಬೊ ಹಾಕುವವರು 28 ಇಂಚಿನ ಸುತ್ತಿನ ನಳಿಗೆ ಹುಡುಕೋದು.

ಹಾಗಾದರೆ ಮೂರು ಸುತ್ತಿಗೂ ಸೇಬೊ ಹಾಕಿದರೆ? ನಿಧಾನ ಸುತ್ತಿನ ನಳಿಗೆಯಿಂದ ಸೇಬೊ ಗುಂಡು ಹೊಡೆದರೆ ರಟ್ಟಿನ ಗುರಿಯ ಮೇಲೆ ದುಂಡನೆ ತೂತಿನ ಬದಲು ಬೀಗದ ಕೈ ಆಕಾರದ ತೂತು ಬೀಳುತ್ತದೆ. ಅಂದರೆ ಗುಂಡು ಅಡ್ಡಡ್ಡ ಮಲಗಿಕೊಂಡು ಹೋಗಿದೆ ಅಂತ ಅರ್ಥ.

ಆ ದೇಶದವರು ಆರಿಸುವ ರೀತಿ

ಅಲ್ಲಿ ಹೆಚ್ಚಾಗಿ ಓಡೋದು ಪಾಯಿಂಟ್ ಐವತ್ತು ಅಳತೆಯ ನಳಿಗೆ. ಅರ್ಧ ಇಂಚು, ನಮ್ಮ ಲೆಕ್ಕದಲ್ಲಿ 12.7 ಮಿಲಿಮೀಟರ್.

ಹಳೇ ಪದ್ಧತಿಯವನು ಪಾಯಿಂಟ್ 490 ಅಳತೆಯ ದುಂಡು ಗುಂಡು ತಗೊಳ್ತಾನೆ. ನಳಿಗೆಗಿಂತ ಗುಂಡು ಕೂದಲೆಳೆ ಸಣ್ಣದು. ತೂಕ ಸುಮಾರು 177 ಗ್ರೇನ್, ಅಂದರೆ ಹನ್ನೊಂದೂವರೆ ಗ್ರಾಂ. ಎಣ್ಣೆ ಅಥವಾ ಕೊಬ್ಬು ಸವರಿದ ಹತ್ತಿಬಟ್ಟೆಯ ತುಂಡನ್ನು ನಳಿಗೆ ಬಾಯಿಗೆ ಹಾಸಿ, ಮೇಲೆ ಗುಂಡಿಟ್ಟು, ಗಜ ಕಡ್ಡಿಯಿಂದ ಒಳಗೆ ತಳ್ಳುತ್ತಾನೆ. ಬಟ್ಟೆಯೇ ಗೆರೆ ಹಿಡಿಯುತ್ತದೆ, ಬಟ್ಟೆಯೇ ಹೊಗೆ ಸೋರದ ಹಾಗೆ ತಡೆಯುತ್ತದೆ. ಯೋಚಿಸಿ ನೋಡಿದರೆ ಬಟ್ಟೆಯೇ ಮೊದಲನೇ ಸೇಬೊ. ಗುಂಡು ಮೆತ್ತನೆ ಶುದ್ಧ ಸೀಸದ್ದಾಗಿರಬೇಕು. ಇಂಥ ಗುಂಡು ಹತ್ತಿರಕ್ಕೆ ಯಮ, ದೂರಕ್ಕೆ ಬಡವ. ದುಂಡಗಿರೋದರಿಂದ ಗಾಳಿ ಬೇಗ ತಡೆದು ಓಟ ಕುಂದಿಸುತ್ತದೆ. ನೂರು ಗಜದೊಳಗೇ ಅದರ ವ್ಯವಹಾರ.

ಎರಡನೆಯವನು ಅಚ್ಚಿನಲ್ಲಿ ಎರೆದ ಉದ್ದ ಸೀಸದ ಗುಂಡು ಹಾಕ್ತಾನೆ. ಇದಕ್ಕೆ ಬಟ್ಟೆಯೂ ಬೇಡ, ಸೇಬೊವೂ ಬೇಡ. ಮೈಮೇಲಿನ ಕಚ್ಚುಗಳಲ್ಲಿ ಜಿಡ್ಡು ತುಂಬಿರುತ್ತದೆ. ಭಾರಿ ತೂಕ, ಭಾರಿ ಪೆಟ್ಟು, ಭುಜಕ್ಕೂ ಭಾರಿ ಒದೆ. ಎಲ್ಕ್ ಅಂತ ನಮ್ಮ ಕಡವೆಗಿಂತ ಬಹಳ ದೊಡ್ಡ ಪ್ರಾಣಿ ಅಲ್ಲಿದೆ, ಅದರ ಬೇಟೆಗೆ ಹೋಗುವವರು ಇದನ್ನು ಮೆಚ್ಚುತ್ತಾರೆ.

ಮೂರನೆಯವನು ಸೇಬೊ ಗಿರಾಕಿ. ಸೇಬೊ ಹಾಕುವುದರಲ್ಲಿ ಇರೋ ಜಾಣತನ ಇಷ್ಟೇ: ಪಾಯಿಂಟ್ ಐವತ್ತರ ನಳಿಗೆಯಲ್ಲಿ ಪಾಯಿಂಟ್ ನಲವತ್ತೈದರ ಪಿಸ್ತೂಲು ಗುಂಡು ಓಡಿಸೋದು. ನಡುವಿನ ಸಂದು ಒಂದೊಂದು ಬದಿಗೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅದನ್ನು ಪ್ಲಾಸ್ಟಿಕ್ ತುಂಬುತ್ತದೆ. ಗುಂಡಿನ ತೂಕ 250 ಗ್ರೇನ್ ಅಥವಾ 300 ಗ್ರೇನ್, ಅಂದರೆ 16ರಿಂದ 19 ಗ್ರಾಂ. ಅಂಗಡಿಯಲ್ಲಿ ಹತ್ತಾರು ನಮೂನೆ ಇರುತ್ತದೆ. ಇಲ್ಲಿಯೇ ಹೊಸಬರು ಮುಗ್ಗರಿಸೋದು.

ಪಿಸ್ತೂಲು ಗುಂಡು ಎಲ್ಲಾ ಒಂದೇ ಜಾತಿಯಲ್ಲ. ಕೆಲವನ್ನು ನಿಧಾನ ಓಡುವ ಸಣ್ಣ ಪಿಸ್ತೂಲಿಗೆಂದೇ ಮಾಡಿರುತ್ತಾರೆ. ಕಡಿಮೆ ವೇಗದಲ್ಲಿ ತಾಗಿದರೂ ಅರಳಬೇಕು ಅಂತ ಮೈ ತೆಳ್ಳಗಿರುತ್ತದೆ. ಅದನ್ನೇ ಉದ್ದ ನಳಿಗೆಯಲ್ಲಿ ದುಪ್ಪಟ್ಟು ವೇಗಕ್ಕೆ ತಳ್ಳಿದರೆ ಪ್ರಾಣಿಯ ಚರ್ಮದಲ್ಲೇ ಚೂರಾಗಿ ಒಳಗೆ ಇಳಿಯೋದಿಲ್ಲ. ಪ್ರಾಣಿ ಗಾಯಗೊಂಡು ಓಡಿ ಎಲ್ಲೋ ಬಿದ್ದು ನರಳಿ ಸಾಯುತ್ತದೆ. ಇನ್ನೊಂದು ಕಡೆ, ಗಟ್ಟಿ ಮೈಯ ಗುಂಡು ದೂರದಲ್ಲಿ ವೇಗ ಕಳಕೊಂಡ ಮೇಲೆ ಅರಳದೆ ಸೂಜಿ ತೂರಿದ ಹಾಗೆ ತೂರಿ ಹೋಗುತ್ತದೆ. ಆದ್ದರಿಂದ ಬುದ್ಧಿವಂತ ಬೇಟೆಗಾರ ಮೊದಲು ಕೇಳೋದು ‘ಯಾವ ಗುಂಡು ಚೆನ್ನಾಗಿದೆ’ ಅಂತ ಅಲ್ಲ. ‘ನಾನು ಎಷ್ಟು ದೂರಕ್ಕೆ ಹೊಡೀತೀನಿ, ಅಲ್ಲಿಗೆ ಮುಟ್ಟುವಾಗ ಇದರ ವೇಗ ಎಷ್ಟು ಉಳಿದಿರುತ್ತೆ’ ಅಂತ.

ಗುಂಡು ಆರಿಸಿದ ಮೇಲೆ ಸೇಬೊ ಆರಿಸುವ ಕೆಲಸ ಬೇರೆ. ಒಂದೇ ಪಾಯಿಂಟ್ ಐವತ್ತು ಅಂತ ಬರೆದಿದ್ದರೂ ಒಂದು ಕಂಪನಿಯ ನಳಿಗೆಗೂ ಇನ್ನೊಂದರದ್ದಕ್ಕೂ ಎಳೆಯಷ್ಟು ವ್ಯತ್ಯಾಸ ಇರುತ್ತದೆ. ಕಡ್ಡಿಯಿಂದ ಒತ್ತಿದಾಗ ಸೇಬೊ ಒಂದೇ ಸಮನೆ, ಗಟ್ಟಿಯಾಗಿ, ಆದರೆ ಸುತ್ತಿಗೆ ಬೇಡದ ಹಾಗೆ ಇಳಿಯಬೇಕು. ಜಾರಿ ಇಳಿದರೆ ಸಡಿಲ, ಮೈಭಾರ ಹಾಕಿ ಜಜ್ಜಬೇಕಾದರೆ ಬಿಗಿ. ಎರಡೂ ಆಗದು. ಬಿಗಿಯಾದದ್ದು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಸಡಿಲವಾದದ್ದು ಕೋವಿ ಬಾಯಿ ಕೆಳಗೆ ಮಾಡಿ ನಡೆಯುವಾಗ ಮದ್ದಿನಿಂದ ಜಾರಿ ಮುಂದಕ್ಕೆ ಬರುತ್ತದೆ. ಈ ಜಾರೋ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಹೊಡೆದ ಮೇಲೆ ಅವರು ಮಾಡುವ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಗುರಿಯ ಹತ್ತಿರ ಓಡೋದಿಲ್ಲ, ಮೊದಲು ನೆಲ ನೋಡ್ತಾ ಹೋಗಿ ಬಿದ್ದ ಸೇಬೊ ಹೆಕ್ಕುತ್ತಾರೆ! ಎಸಳುಗಳು ದಾಸವಾಳದ ಹಾಗೆ ನಾಲ್ಕೂ ಕಡೆ ಸಮನಾಗಿ ಅರಳಿದ್ದರೆ ಎಲ್ಲಾ ಸರಿ. ಒಂದು ಎಸಳು ಹರಿದು ಹೋಗಿದ್ದರೆ ಗುಂಡಿಗೆ ಒಂದು ಬದಿಯಿಂದ ತಳ್ಳು ಬಿದ್ದಿದೆ, ಗುರಿ ತಪ್ಪಿದ್ದು ಅದಕ್ಕೇ. ಬುಡ ಕರಗಿ ತೂತಾಗಿದ್ದರೆ ಮದ್ದು ಹೆಚ್ಚಾಯಿತು, ಇಲ್ಲವೇ ಬಿಸಿ ತಡೆಯಲು ನಡುವೆ ಒಂದು ಬಿಲ್ಲೆ ಬೇಕು. ನಮ್ಮ ಡಾಕ್ಟರು ನಾಲಗೆ ನೋಡಿ ಕಾಯಿಲೆ ಹೇಳಿದ ಹಾಗೆ! ಆಮೇಲೆ ಪ್ರತಿ ಈಡಿಗೂ ನಳಿಗೆ ಒರೆಸುತ್ತಾರೆ. ನಳಿಗೆ ಕಾದಿದ್ದರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ ಅಂತ ಆರಲು ಬಿಡುತ್ತಾರೆ. ಹೀಗೆ ಒಂದೊಂದು ಗುಂಡಿನಲ್ಲಿ ಮೂರು ಮೂರು ಈಡು ಹೊಡೆದು, ಯಾವುದರ ಮೂರು ತೂತು ಹತ್ತಿರ ಹತ್ತಿರ ಬಿತ್ತೋ ಅದನ್ನು ಇಟ್ಟುಕೊಂಡು, ಮಿಕ್ಕದ್ದನ್ನು ಮರೆಯುತ್ತಾರೆ. ಪಕ್ಕದ ಮನೆಯವನ ಕೋವಿಗೆ ಒಗ್ಗಿದ್ದು ತನ್ನ ಕೋವಿಗೆ ಒಗ್ಗೀತು ಅಂತ ಅಲ್ಲಿ ಯಾರೂ ನಂಬೋದಿಲ್ಲ.

ಎಲ್ಲಾ ಊರಿಗೂ ಒಂದೇ ಕಾನೂನಿಲ್ಲ

ಆ ದೇಶದಲ್ಲೂ ಸೇಬೊ ಎಲ್ಲರಿಗೂ ಮಾನ್ಯ ಅಲ್ಲ. ಮದ್ದು ತುಂಬುವ ಕೋವಿಗೆ ಅಂತಲೇ ಪ್ರತ್ಯೇಕ ಬೇಟೆ ಕಾಲ ಅಲ್ಲಿ ಬಹಳ ರಾಜ್ಯಗಳಲ್ಲಿದೆ. ಹಳೇ ಕೋವಿಯವನಿಗೆ ಒಂದಷ್ಟು ದಿನ ಬಿಟ್ಟುಕೊಟ್ಟದ್ದು ಅದು. 1985ರಲ್ಲಿ ಮಿಸ್ಸೂರಿಯ ಟೋನಿ ನೈಟ್ ಎಂಬ ಕೋವಿ ಕೆಲಸಗಾರ, ಕೇಪು ನೇರವಾಗಿ ನಳಿಗೆಯ ಹಿಂದುಗಡೆ ಕೂರುವ ಹೊಸ ಮಾದರಿ ಮಾರಾಟಕ್ಕೆ ತಂದ ಮೇಲೆ ಲೆಕ್ಕ ಕೆಟ್ಟಿತು. ದುರ್ಬೀನು, ಬಿಲ್ಲೆಯಾಕಾರದ ಮದ್ದು, ಸೇಬೊ ಎಲ್ಲಾ ಸೇರಿ ಹಳೇ ಕೋವಿ ಅನ್ನೋದು ಹೆಸರಿಗೆ ಮಾತ್ರ ಹಳೇದಾಯಿತು. ಅದಕ್ಕೆ ಕೊಲರಾಡೊ ರಾಜ್ಯದವರು ತಮ್ಮ ಮದ್ದು ಕೋವಿ ಕಾಲದಲ್ಲಿ ಸೇಬೊ ಬೇಡ, ಬಿಲ್ಲೆ ಮದ್ದು ಬೇಡ, ದುರ್ಬೀನು ಬೇಡ ಅಂತ ಇಟ್ಟಿದ್ದಾರೆ. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್ಮಸ್ ಆದ ಮೇಲೆ ಬರುವ ಒಂದು ಬೇಟೆ ಕಾಲಕ್ಕೆ ಕೇಪು ಕೂಡಾ ನಡೆಯೋದಿಲ್ಲ, ಚಕಮಕಿ ಕಲ್ಲಿನ ಕೋವಿಯೇ ಆಗಬೇಕು.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಕತೆ. ಸತ್ತ ಪ್ರಾಣಿಯ ಮೈಯಲ್ಲಿ ಉಳಿದ ಸೀಸ ತಿಂದು ಕಾಂಡರ್ ಅನ್ನುವ ಭಾರಿ ರಣಹದ್ದುಗಳು ವಿಷವೇರಿ ಸಾಯತೊಡಗಿದ್ದರಿಂದ, 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ಕೂಡದು ಅಂತ ಪೂರ್ತಿ ನಿಷೇಧವಾಯಿತು. ತಾಮ್ರದ ಗುಂಡು ಬಳಸಬೇಕು. ತಾಮ್ರ ಸೀಸದ ಹಾಗೆ ಮೆತ್ತಗೆ ಬಗ್ಗಿ ಗೆರೆ ಹಿಡಿಯೋದಿಲ್ಲ, ಹಗುರವಾದದ್ದರಿಂದ ಅದೇ ತೂಕಕ್ಕೆ ಉದ್ದವೂ ಆಗುತ್ತದೆ. ಆದ್ದರಿಂದ ಅಲ್ಲಿ ಸೇಬೊಗೆ ಬೇಡಿಕೆ.

ನಮ್ಮ ಕೋವಿಗೆ ಗೆರೆ ಯಾಕಿಲ್ಲ?

ಈಗ ಊರಿಗೆ ಬರೋಣ. ನಮ್ಮ ಕಡೆ ಗೋಡೆಗೆ ಒರಗಿಸಿಟ್ಟಿರುವ ಕೇಪಿನ ಕೋವಿಯ ನಳಿಗೆ ನುಣ್ಣಗೆ, ನೀರಿನ ಪೈಪಿನ ಹಾಗೆ. ಒಳಗೆ ಗೆರೆ ಇಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಎಸ್.ಬಿ.ಎಂ.ಎಲ್. ಅಂತ ಬರೆದಿರುತ್ತದಲ್ಲ, ಒಂಟಿ ನಳಿಗೆ, ಬಾಯಿಂದ ತುಂಬುವ ಕೋವಿ ಅಂತ ಅದರ ಅರ್ಥ.

ಗೆರೆ ಇಲ್ಲದ್ದಕ್ಕೆ ಒಂದು ಹಳೇ ಇತಿಹಾಸ ಇದೆ. 1849ರಲ್ಲಿ ಫ್ರಾನ್ಸಿನ ಮಿನೀ ಅನ್ನುವ ಕ್ಯಾಪ್ಟನ್ ಬುಡದಲ್ಲಿ ಟೊಳ್ಳಿರುವ ಉದ್ದ ಗುಂಡು ತಯಾರಿಸಿದ. ಸಡಿಲವಾಗಿ ಒಳಗಿಳಿಯುತ್ತದೆ, ಮದ್ದು ಹೊತ್ತಿದಾಗ ಬುಡ ಉಬ್ಬಿ ಗೆರೆ ಕಚ್ಚುತ್ತದೆ. ಬ್ರಿಟಿಷರ 1853ರ ಎನ್‌ಫೀಲ್ಡ್ ಬಂದೂಕು ಈ ಜಾತಿಯದ್ದು. ಗುಂಡು, ಮದ್ದು ಎರಡನ್ನೂ ಕಾಗದದಲ್ಲಿ ಸುತ್ತಿ ಕೊಬ್ಬು ಸವರಿದ ತೋಟಾ, ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಆ ಕೊಬ್ಬು ದನದ್ದೋ ಹಂದಿಯದ್ದೋ ಅನ್ನುವ ಮಾತೇ 1857ರಲ್ಲಿ ಬೆಂಕಿಯಾಯಿತು. ಶಾಲೆಯಲ್ಲಿ ಓದಿದ್ದೇವೆ. ಶಾಲೆಯಲ್ಲಿ ಹೇಳದೆ ಬಿಟ್ಟದ್ದು ಮುಂದಿನದು: ದಂಗೆ ಅಡಗಿದ ಮೇಲೆ ಬ್ರಿಟಿಷರು ನಮ್ಮ ಸಿಪಾಯಿಗಳಿಗೆ ಕೊಟ್ಟದ್ದು ಅದೇ ಎನ್‌ಫೀಲ್ಡ್ ಆಕಾರದ, ಆದರೆ ಒಳಗೆ ಗೆರೆ ಇಲ್ಲದ ಬಂದೂಕು! ನೋಡೋದಕ್ಕೆ ಒಂದೇ. ದೂರಕ್ಕೆ ಗುರಿ ಇಡೋ ಶಕ್ತಿ ಮಾತ್ರ ಬಿಳಿಯನ ಕೈಯಲ್ಲೇ.

ಸಿಪಾಯಿಗೇ ಹೀಗಾದರೆ ಹಳ್ಳಿಯವನಿಗೆ ಕೇಳಬೇಕೆ? ಅದೇ 1857ರ ಆಯುಧ ಕಸಿಯುವ ಕಾನೂನಿಗೆ ಮುಧೋಳದ ಕಡೆಯ ಹಲಗಲಿ ಬೇಡರು ತಲೆಬಾಗಲಿಲ್ಲ. ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು, ಹಿಡಿದವರನ್ನು ಗಲ್ಲಿಗೆ ಹಾಕಿತು. ಆ ಲಾವಣಿ ಇವತ್ತಿಗೂ ಹಾಡ್ತಾರೆ. ಕೊಡಗಿನ ಕತೆ ಬೇರೆ. 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆ ಕಾನೂನಿನಿಂದ ಬಿಟ್ಟ. ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರು ಅವನದೇ. ಆ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಿಕ್ಕುತ್ತಾ ಬಂದಿದೆ. 2019ರಲ್ಲಿ ಕೇಂದ್ರ ಸರಕಾರ ಹತ್ತು ವರ್ಷಕ್ಕೆ, ಅಂದರೆ 2029ರ ತನಕ, ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ವಿನಾಯಿತಿ ಇಲ್ಲದ ರೈತನಿಗೆ 1959ರ ಆಯುಧ ಕಾಯಿದೆಯ 13ನೇ ಕಲಮು ಆಧಾರ. ಬೆಳೆ ಕಾಯೋದಕ್ಕೆ ಬಾಯಿಂದ ತುಂಬುವ ಕೋವಿಗೆ ಲೈಸೆನ್ಸ್ ಕೊಡಬಹುದು, ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿ ಅಂತ ಅಲ್ಲಿ ಬರೆದಿದೆ. ಕಾನೂನಿನ ಪುಸ್ತಕದಲ್ಲಿ ನಮ್ಮ ಮುತ್ತಜ್ಜನ ಕೋವಿಗೆ ಒಂದು ಸಾಲು ಜಾಗ ಇದೆ ಅನ್ನೋದು ಎಷ್ಟೋ ಲೈಸೆನ್ಸುದಾರರಿಗೇ ಗೊತ್ತಿಲ್ಲ. ಚುನಾವಣೆ ಬಂದಾಗ ಠಾಣೆಗೆ ಹೊರೋದು ಮಾತ್ರ ಎಲ್ಲರಿಗೂ ಗೊತ್ತು!

ಕೊಡದೊಳಗೆ ನಿಂಬೆಹಣ್ಣು

ಈಗ ಸೇಬೊ ನಮ್ಮ ಕೋವಿಗೆ ಹಾಕಿದರೆ ಏನಾಗುತ್ತದೆ, ನೋಡಿ.

ಮೊದಲನೇದು ಅಳತೆ. ನಮ್ಮ ಕಡೆಯ ಎಷ್ಟೋ ಕೇಪಿನ ಕೋವಿಗಳ ಬಾಯಿ 12 ಬೋರಿನ ಆಸುಪಾಸು. ಬೋರ್ ಅನ್ನೋದು ಸೀಸದ ತೂಕದ ಲೆಕ್ಕ. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದರೆ ಅದರಲ್ಲಿ ಒಂದು ಗುಂಡು ಹಿಡಿಯುವಷ್ಟು ಅಗಲದ ನಳಿಗೆ 12 ಬೋರ್. ಅಂಥ ಒಂದು ಗುಂಡು ತಕ್ಕಡಿಯಲ್ಲಿಟ್ಟರೆ ಸುಮಾರು 38 ಗ್ರಾಂ ತೂಗುತ್ತದೆ, ಅಡ್ಡಗಲ ಹದಿನೆಂಟೂವರೆ ಮಿಲಿಮೀಟರ್. ಅಮೆರಿಕದ ಸೇಬೊ ಹದಿಮೂರು ಮಿಲಿಮೀಟರ್ ಕೂಡಾ ಇಲ್ಲ. ಕೊಡದೊಳಗೆ ನಿಂಬೆಹಣ್ಣು ಹಾಕಿದ ಹಾಗೆ ಗಳಗಳ ಅನ್ನುತ್ತದೆ.

“ಸಂದಿಗೆ ಕತ್ತದ ನಾರು, ಕಾಗದ ತುರುಕಿದರಾಯ್ತು” ಅನ್ನುವ ಜಾಣರಿದ್ದಾರೆ. ಅಲ್ಲೇ ಅಪಾಯ. ಆಗಲೇ ಜಾರೋ ವಿಷಯ ನೆನಪಿಟ್ಟುಕೊಳ್ಳಿ ಅಂದೆನಲ್ಲ? ಗುಂಡು ಮದ್ದಿಗೆ ಅಂಟಿಕೊಂಡು ಕೂತಿರಬೇಕು. ತೋಟದ ಇಳಿಜಾರಿನಲ್ಲಿ ಕೋವಿ ಬಾಯಿ ಕೆಳಗಾದಾಗ ಸಡಿಲ ಗುಂಡು ನಾಲ್ಕಾರು ಇಂಚು ಮುಂದೆ ಜಾರಿತು ಅಂತಿಟ್ಟುಕೊಳ್ಳಿ. ಆಗ ಅದು ಗುಂಡಲ್ಲ, ನಳಿಗೆಗೆ ಜಡಿದ ಬಿರಡೆ. ಹಿಂದೆ ಮದ್ದು ಹೊತ್ತಿ ಹೊಗೆ ಓಡಿ ಬಂದು ಆ ಬಿರಡೆಗೆ ಡಿಕ್ಕಿ ಹೊಡೆದಾಗ ಒತ್ತಡ ಆ ಜಾಗದಲ್ಲೇ ನಳಿಗೆಯನ್ನು ಉಬ್ಬಿಸುತ್ತದೆ, ಇಲ್ಲವೇ ಸೀಳುತ್ತದೆ. ಕೋವಿ ಹಿಡಿದವನ ಎಡಗೈ ಇರೋದು ಎಲ್ಲಿ? ನಳಿಗೆಯ ಕೆಳಗೇ.

ಎರಡನೇದು ಗೆರೆ. ಅಳತೆಗೆ ಸರಿಯಾದ ಸೇಬೊ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ನುಣ್ಣನೆ ನಳಿಗೆಯಲ್ಲಿ ಗುಂಡು ತಿರುಗೋದಿಲ್ಲ. ಉದ್ದ ಗುಂಡು ಹೊರಗೆ ಬಂದು ಹತ್ತಾರು ಮಾರು ಹೋಗುವುದರೊಳಗೆ ಅಡ್ಡ ಮಲಗುತ್ತದೆ. ಆಮೇಲೆ ಎಲ್ಲಿಗೆ ಹೋಗುತ್ತದೋ ಅದರ ಇಷ್ಟ. ಪಕ್ಕದ ಲೈನ್ ಮನೆಗೂ ಹೋದೀತು, ರಸ್ತೆಯ ಬಸ್ಸಿಗೂ ಹೋದೀತು.

ಮೂರನೇದು ಮದ್ದು. ಅಮೆರಿಕದ ವೀಡಿಯೋದಲ್ಲಿ ಸುರಿಯೋದು ಈಗಿನ ಉಕ್ಕಿನ ನಳಿಗೆಗೆ ಅಳೆದ ಮದ್ದು. ಪೈರೊಡೆಕ್ಸ್ ಅಂತ 1976ರಲ್ಲಿ ಬಂದ ಬದಲಿ ಮದ್ದಿದೆ, ಆಮೇಲೆ ಬಂದ ಇನ್ನೂ ಬಿರುಸಿನವೂ ಇವೆ. ನಮ್ಮ ಕೋವಿ ಯಾವ ಕಾಲದ್ದೋ. ಅದರ ನಳಿಗೆ ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಕರಿ ಮಸಿಗೆ ಮಾತ್ರ ತಡೆಯುತ್ತದೆ. ತೋಟಾ ಬಿಚ್ಚಿ ಒಳಗಿನ ಹೊಗೆಯಿಲ್ಲದ ಮದ್ದು ತೆಗೆದು ಕೇಪಿನ ಕೋವಿಗೆ ಹಾಕುವ ಪುಣ್ಯಾತ್ಮರಿದ್ದರೆ ಅವರ ಹತ್ತಿರ ಬಸ್ಸಿನಲ್ಲಿ ಕೂಡಾ ಕೂರಬೇಡಿ.

ನಾಲ್ಕನೇದು ಕಾನೂನು. ಗುಂಡು ಮಾತ್ರ ತಂದೆ, ಮದ್ದು ತರಲಿಲ್ಲ ಅನ್ನುವ ವಾದ ನಡೆಯೋದಿಲ್ಲ. ಆಯುಧ ಕಾಯಿದೆಯಲ್ಲಿ ಮದ್ದುಗುಂಡು ಅಂದರೆ ಅದರ ಬಿಡಿಭಾಗವೂ ಸೇರಿತು, ಹೊರದೇಶದಿಂದ ತರಲು ಲೈಸೆನ್ಸ್ ಬೇಕು. ವಿಮಾನ ನಿಲ್ದಾಣದಲ್ಲಿ ಮಗನ ಸೂಟ್‌ಕೇಸಿನಲ್ಲಿ ಒಂದು ಗುಂಡು ಸಿಕ್ಕಿದರೂ ಮದುವೆಗೆ ಬಂದವನು ಠಾಣೆಯಲ್ಲಿ ಕೂರಬೇಕಾಗುತ್ತದೆ. ಈಗಾಗಲೇ ಮನೆಗೆ ಬಂದಿದ್ದರೆ ಅದನ್ನು ಹೊಳೆಗೆ ಎಸೆಯೋದೂ ಬೇಡ, ಪೆಟ್ಟಿಗೆಯಲ್ಲಿ ಬಚ್ಚಿಡೋದೂ ಬೇಡ. ಇಟ್ಟುಕೊಳ್ಳಲು ಹಕ್ಕಿಲ್ಲದ ಮದ್ದುಗುಂಡನ್ನು ಠಾಣೆಗೋ ಲೈಸೆನ್ಸುಳ್ಳ ವ್ಯಾಪಾರಿಗೋ ಒಪ್ಪಿಸಬೇಕು ಅಂತ 21ನೇ ಕಲಮು ಹೇಳುತ್ತದೆ. ವಕೀಲರನ್ನು ಕೇಳಿಕೊಂಡು ಆ ದಾರಿ ಹಿಡಿಯೋದು ಕ್ಷೇಮ.

ಹಾಗಾದರೆ ಏನು ಹಾಕೋದು?

ಬೇಟೆಗೆ ಅಂತ ಕೇಳುವವರಿಗೆ ಉತ್ತರ ಇಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ನಮ್ಮ ದೇಶದಲ್ಲಿ ಆ ಅಂಗಡಿ ಮುಚ್ಚಿದೆ. ಬೆಳೆ ಹಾಳು ಮಾಡುವ ಹಂದಿಯನ್ನು ಕೂಡಾ ಅಧಿಕಾರಿಯ ಲಿಖಿತ ಅಪ್ಪಣೆ ಇಲ್ಲದೆ ಹೊಡೆಯುವ ಹಾಗಿಲ್ಲ. ರಾತ್ರಿಯೆಲ್ಲಾ ಗದ್ದೆ ಬದುವಿನಲ್ಲಿ ನಿದ್ದೆಗೆಟ್ಟು, ಬೆಳಗ್ಗೆ ನೆಲಸಮವಾದ ಭತ್ತ ನೋಡುವ ರೈತನಿಗೆ ಈ ಮಾತು ಕಹಿ. ಅವನ ಸಿಟ್ಟು ನ್ಯಾಯವಾದದ್ದೇ. ಅಪ್ಪಣೆ ಚೀಟಿ ಬರುವಷ್ಟರಲ್ಲಿ ಹಂದಿ ಸಂಸಾರ ಮುಂದಿನ ಗದ್ದೆಗೆ ಹೋಗಿರುತ್ತದೆ. ಆದರೆ ಆ ಸಿಟ್ಟಿಗೆ ದೂರ ಹೊಡೆಯುವ ಗುಂಡು ಪರಿಹಾರ ಅಲ್ಲ. ನಮ್ಮ ಕೇಪಿನ ಕೋವಿಯ ಕೆಲಸ ಬಹುಪಾಲು ಸದ್ದು ಮಾಡೋದು. ಸದ್ದಿಗೆ ಗುಂಡೇ ಬೇಕಾಗಿಲ್ಲ, ಅಳತೆಯ ಮಸಿ, ಮೇಲೆ ನಾರು, ಅಷ್ಟು ಸಾಕು.

ಕೈಲ್‌ಪೊಳ್ದಿನ ತೆಂಗಿನಕಾಯಿ ಸ್ಪರ್ಧೆಗೋ, ಅಪ್ಪಣೆ ಸಿಕ್ಕ ಕೆಲಸಕ್ಕೋ ಗುಂಡು ಹಾಕಲೇಬೇಕಾದರೆ, ನುಣ್ಣನೆ ನಳಿಗೆಗೆ ದುಂಡು ಗುಂಡು ಅಥವಾ ಚರೆ. ಬೇರೆ ಮಾತೇ ಇಲ್ಲ. ದುಂಡು ಗುಂಡು ನಳಿಗೆಗಿಂತ ಸ್ವಲ್ಪ ಸಣ್ಣದಿರಬೇಕು, ಜಿಡ್ಡು ಬಟ್ಟೆ ಸುತ್ತಿ ಇಳಿಸಬೇಕು, ಮದ್ದು ಮುಟ್ಟುವ ತನಕ ಇಳಿಸಬೇಕು. ಗೆರೆ ಇಲ್ಲದ ಕೋವಿಯಿಂದ ಐವತ್ತು ಗಜದಾಚೆಗೆ ಗುರಿ ಇಡೋದು ಬರೀ ಜಂಬ. ಒಂದೊಂದು ಕೋವಿಗೂ ಅದರದ್ದೇ ಆದ ಈಡಿನ ಅಳತೆ ಇರುತ್ತದೆ. ಆ ಅಳತೆ ಮನೆಯ ಹಿರಿಯರಿಗೆ ಗೊತ್ತಿದ್ದರೆ ಅವರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಗೊತ್ತಿಲ್ಲದಿದ್ದರೆ ಲೈಸೆನ್ಸುಳ್ಳ ಕೋವಿ ರಿಪೇರಿಯವರಿಗೆ ನಳಿಗೆ ತೋರಿಸದೆ ಒಂದು ಚಿಟಿಕೆಯೂ ಹಾಕಬೇಡಿ.

ಕೊನೆಗೆ ಒಂದು ಕೆಲಸದ ಮಾತು. ಹಬ್ಬಕ್ಕೆ ಮೊದಲು ಅಟ್ಟದಿಂದ ಕೋವಿ ಇಳಿಸಿ ಒರೆಸುವ ರೂಢಿ ಇದೆ. ಹಬ್ಬದ ದಿನ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆಗಿಡುತ್ತಾರೆ. ಬಾಯಿಂದ ತುಂಬುವ ಕೋವಿಯಲ್ಲಿ ಈಡು ಇದೆಯೋ ಇಲ್ಲವೋ ಅಂತ ತೋಟಾ ಕೋವಿಯ ಹಾಗೆ ಮುರಿದು ನೋಡಲಾಗದು. ಅಜ್ಜ ತುಂಬಿಟ್ಟ ಈಡು ಮೊಮ್ಮಗನ ಕೈಯಲ್ಲಿ ಸಿಡಿಯಬಹುದು. ಕರಿ ಮಸಿ ಒಣಗಿದ್ದರೆ ವರ್ಷಗಟ್ಟಲೆ ಕೆಡೋದಿಲ್ಲ. ಆದ್ದರಿಂದ ಮೊದಲು ಕೇಪು ಇದ್ದರೆ ತೆಗೆಯಿರಿ. ಕೋವಿ ಬಾಯಿ ಯಾರ ಕಡೆಗೂ ಇಲ್ಲದ ಹಾಗೆ, ನಿಮ್ಮ ಮುಖದ ಕಡೆಗೂ ಇಲ್ಲದ ಹಾಗೆ ಹಿಡಿದು ಗಜ ಕಡ್ಡಿಯನ್ನು ಮೆಲ್ಲಗೆ ಒಳಗೆ ಬಿಡಿ. ಅದು ನಿಂತ ಕಡೆ, ನಳಿಗೆಯ ಬಾಯಿ ಮಟ್ಟಕ್ಕೆ ಕಡ್ಡಿಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ. ಕಡ್ಡಿ ಹೊರಗೆ ತೆಗೆದು, ಗುರುತು ಬಾಯಿಗೆ ಸರಿಯಾಗಿ ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ಕಡ್ಡಿಯ ತುದಿ ಹಿಂದುಗಡೆ ಕೇಪು ಕೂರುವ ಜಾಗದವರೆಗೆ ಮುಟ್ಟಿದರೆ ನಳಿಗೆ ಖಾಲಿ. ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ. ಆಗ ಕೆದಕಬೇಡಿ, ಬೆಂಕಿಯ ಹತ್ತಿರ ಇಡಬೇಡಿ, ಸಿಡಿಸಿ ಖಾಲಿ ಮಾಡ್ತೀನಿ ಅಂತಲೂ ಹೊರಡಬೇಡಿ. ಮಕ್ಕಳನ್ನು ದೂರ ಕಳಿಸಿ ರಿಪೇರಿಯವರಿಗೆ ಹೇಳಿ ಕಳಿಸಿ, ಈಡು ತೆಗೆಯುವ ತಿರುಪಿನ ಕೊಕ್ಕೆ ಅವರ ಹತ್ತಿರ ಇರುತ್ತದೆ.